ಗಾಡಿ ಯಾಕ ಜಗ್ಗವಲ್ದು? ಡೀಸೆಲ್ ಕ್ಯಾಂಪರ್‌ನ ಕಳೆದುಹೋದ ಪವರ್ ಹುಡುಕೋದು ಹೇಗೆ

"ಗಾಡಿ ಜಗ್ಗವಲ್ದು ನೋಡ್ರಿ." ಅಥಣಿ ರಸ್ತೆಯ ಯಾವುದಾದರೂ ಗ್ಯಾರೇಜಿನ ಮುಂದೆ ಅರ್ಧ ತಾಸು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳ್ತದೆ. ಟಿಕೋಟಾದ ದ್ರಾಕ್ಷಿ ಹೊತ್ತ ಟೆಂಪೊ ಇರಬಹುದು, ಬಬಲೇಶ್ವರ ಕಡೆಯ ಕಬ್ಬಿನ ಟ್ರ್ಯಾಕ್ಟರ್ ಇರಬಹುದು, ಮದುವೆ ದಿಬ್ಬಣದ ಟ್ರಾವೆಲರ್ ಇರಬಹುದು. ಈಗ ಇವುಗಳ ಸಾಲಿಗೆ ಹೊಸದೊಂದು ಗಾಡಿ ಸೇರಿದೆ: ಹಳೇ ಟ್ರಾವೆಲರ್‌ನ ಸೀಟು ತೆಗೆದು, ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕ್ ಕೂರಿಸಿ ಮಾಡಿದ ಕ್ಯಾಂಪರ್. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಅಂತಲೇ ಒಂದು ನೀತಿ ತಂದಿತು. ಯೂಟ್ಯೂಬ್ ನೋಡಿ ನಮ್ಮ ಕಡೆಯವರೂ ಶುರು ಹಚ್ಚಿಕೊಂಡಿದ್ದಾರೆ.

ನಮ್ಮ ಗೆಳೆಯನೊಬ್ಬನ ಕಾಕಾ ಅಂಥದ್ದೊಂದು ಗಾಡಿ ಮಾಡಿಸಿದ್ದಾರೆ. ಅದು ಜಗ್ಗೋದು ಬಿಟ್ಟಾಗ, ಥರ್ಮೊಡೈನಮಿಕ್ಸ್ ಪೇಪರ್ ಬರೆದವರು ಅನ್ನೋ ಒಂದೇ ಕಾರಣಕ್ಕೆ ನಮ್ಮನ್ನೂ ಕರೆದರು. ಅಲ್ಲಿಂದ ನಾವು ಓದಿದ್ದು, ಕೇಳಿದ್ದು, ಕೈ ಮಸಿ ಮಾಡಿಕೊಂಡು ಕಲಿತದ್ದು ಎಲ್ಲ ಸೇರಿ ಈ ಲೇಖನ. ಮೆಕ್ಯಾನಿಕಲ್ ಬ್ರಾಂಚ್ ಅಲ್ಲದವರೂ ಓದಬಹುದು, ಗಣಿತ ಪಿಯುಸಿ ಮಟ್ಟದ್ದೇ.

ಬಯಲು ರಸ್ತೆ ರೋಗ ಮುಚ್ಚಿಡ್ತದೆ

ಮೊದಲ ಪ್ರಶ್ನೆ: ಪವರ್ ಕಡಿಮೆಯಾದದ್ದು ನಮಗೆ ಇಷ್ಟು ತಡವಾಗಿ ಯಾಕೆ ಗೊತ್ತಾಗ್ತದೆ?

ಒಂದು ಲೆಕ್ಕ ಹಾಕೋಣ. ಗಾಡಿಯ ಒಟ್ಟು ತೂಕ 4,000 ಕೆಜಿ, ಎಂಜಿನ್ 85 ಕಿಲೋವಾಟ್, ಅಂದ್ರೆ ಸುಮಾರು 115 ಎಚ್‌ಪಿ. ಎತ್ತರದ ಡಬ್ಬಿಯಂಥ ಬಾಡಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಓಡೋದಕ್ಕೆ ಟಯರಿನ ಉರುಳು ಪ್ರತಿರೋಧಕ್ಕೆ ಸುಮಾರು 10, ಗಾಳಿಯನ್ನು ಸೀಳೋದಕ್ಕೆ ಸುಮಾರು 16, ಒಟ್ಟು 26 ಕಿಲೋವಾಟ್ ಚಕ್ರದಲ್ಲಿ ಬೇಕು. ಎಂಜಿನ್ನಿನ ಮೂರನೇ ಒಂದು ಭಾಗ ಅಷ್ಟೇ.

ಈಗ ಅದೇ ಗಾಡಿ 100 ಮೀಟರಿಗೆ 5 ಮೀಟರ್ ಏರುವ ಘಾಟಿನಲ್ಲಿ ಬರೇ 60ರಲ್ಲಿ ಹತ್ತಲಿ. ಏರೋದಕ್ಕೇ 33 ಕಿಲೋವಾಟ್ ಬೇಕು, ಉರುಳೋದಕ್ಕೆ 8, ಗಾಳಿಗೆ 7. ಒಟ್ಟು 48ರ ಹತ್ತಿರ. ಗೇರ್‌ಬಾಕ್ಸ್, ಆಕ್ಸಲ್ ನಷ್ಟ ಸೇರಿಸಿದರೆ ಎಂಜಿನ್ 53 ಕೊಡಬೇಕು.

ಎಂಜಿನ್ ತನ್ನ ಪವರ್‌ನಲ್ಲಿ 40 ಪರ್ಸೆಂಟ್ ಕಳಕೊಂಡಿದೆ ಅಂದುಕೊಳ್ಳಿ. ಉಳಿದದ್ದು 51. ವಿಜಯಪುರದಿಂದ ತೊರವಿ ದಾಟಿ ಟಿಕೋಟಾಕ್ಕೆ ಹೋಗಿ ಬಂದರೆ ಏನೂ ಗೊತ್ತಾಗೋದಿಲ್ಲ, ಯಾಕಂದ್ರೆ ಕೇಳಿದ್ದೇ 30ರೊಳಗೆ. ಗೋವಾಕ್ಕೆ ಹೋಗಿ ವಾಪಸ್ ಬರುವಾಗ ಚೋರ್ಲಾ ಘಾಟ್ ಹತ್ತೋ ಹೊತ್ತಿಗೆ ಗಾಡಿ ಉಸಿರು ಬಿಡ್ತದೆ. ರೋಗ ಅವತ್ತೇ ಬಂದದ್ದಲ್ಲ, ತಿಂಗಳ ಹಿಂದಿನಿಂದಲೇ ಇತ್ತು.

ಆದರೆ ಬಯಲು ರಸ್ತೆಯಲ್ಲೂ ಒಂದು ಕಡೆ ಅದು ಬಯಲಾಗ್ತದೆ, ಅದೇ ಅಪಾಯದ ಜಾಗ: ಓವರ್‌ಟೇಕ್. ಕಬ್ಬಿನ ಸೀಜನ್‌ನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಿದ್ದೀರಿ. 40ರಿಂದ 70ಕ್ಕೆ ಏರಿಸಿ ದಾಟಬೇಕು. 4 ಟನ್ ಗಾಡಿಯ ಚಲನಶಕ್ತಿ ಇಷ್ಟು ಏರೋದಕ್ಕೆ ಸುಮಾರು 510 ಕಿಲೋಜೂಲ್ ಬೇಕು. ಗೇರ್ ಬದಲಿಸುವ ನಷ್ಟ ಎಲ್ಲ ಬಿಟ್ಟು, ಗಾಳಿಗೂ ಟಯರಿಗೂ ಕೊಡೋದನ್ನು ಕೊಟ್ಟ ಮೇಲೆ ಆರೋಗ್ಯವಾದ ಎಂಜಿನ್‌ಗೆ ಉಳಿಯೋದು ಸುಮಾರು 48 ಕಿಲೋವಾಟ್. ಸಮಯ: 10-11 ಸೆಕೆಂಡ್. ರೋಗಿಷ್ಠ ಎಂಜಿನ್‌ಗೆ ಉಳಿಯೋದು 24. ಸಮಯ: 21 ಸೆಕೆಂಡ್. ಪವರ್ ಕಡಿಮೆಯಾದದ್ದು 40 ಪರ್ಸೆಂಟ್, ಎದುರು ಬದಿಯಲ್ಲಿ ನೀವಿರುವ ಸಮಯ ಮಾತ್ರ ಡಬಲ್. ಕ್ರಮಿಸುವ ದೂರ 160 ಮೀಟರ್ ಇದ್ದದ್ದು 320 ಮೀಟರ್ ಆಗ್ತದೆ. ಡ್ರೈವರ್‌ನ ಅಂದಾಜು ಮಾತ್ರ ಇನ್ನೂ ಹಳೇ ಎಂಜಿನ್‌ದೇ ಇರ್ತದೆ. ಆದ್ದರಿಂದ "ಸ್ವಲ್ಪ ಪಿಕಪ್ ಕಡಿಮೆ ಆಗೇದ, ನಡೀತದ ಬಿಡು" ಅನ್ನೋ ಮಾತು ಒಳ್ಳೇದಲ್ಲ.

ಮೊದಲು ಕೇಳಬೇಕಾದದ್ದು: ತಪ್ಪು ಎಂಜಿನ್‌ದೇನಾ?

ನಮ್ಮ ಊರಲ್ಲಿ ಎತ್ತು ಬಂಡಿ ಜಗ್ಗದಿದ್ದರೆ ಯಾರೂ ಸೀದಾ ಹೊಸ ಎತ್ತು ತರಾಕ ಸಂತೆಗೆ ಹೋಗೋದಿಲ್ಲ. ಹೇರು ಎಷ್ಟಿದೆ, ಗಾಲಿ ತಿರುಗ್ತದೋ ಇಲ್ಲೋ, ಮೇವು ತಿಂದಿದೆಯೋ ಅಂತ ನೋಡ್ತಾರೆ. ಗಾಡಿಗೂ ಇದೇ ಕ್ರಮ.

*ಹೇರು.* ಕ್ಯಾಂಪರ್ ಮಾಡುವಾಗ ತೂಕ ಗೊತ್ತಾಗದೆ ಏರ್ತದೆ. 100 ಲೀಟರ್ ನೀರು ಅಂದ್ರೆ 100 ಕೆಜಿ. ಪ್ಲೈವುಡ್, ಬ್ಯಾಟರಿ, ಫ್ರಿಜ್, ಮೇಲೆ ಎಸಿ, ಸೋಲಾರ್ ಪ್ಯಾನೆಲ್. ಹೀಗೆ 600 ಕೆಜಿ ಹೆಚ್ಚಾದರೆ ಮೇಲಿನ ಘಾಟಿನಲ್ಲಿ ಇನ್ನೂ 6 ಕಿಲೋವಾಟ್ ಬೇಕು. ಒಂದು ಸಲ ವೇ ಬ್ರಿಜ್ ಮೇಲೆ ತೂಕ ಮಾಡಿಸಿ, ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಜೊತೆ ಹೋಲಿಸಿ.

*ಗಾಲಿ.* ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಬ್ರೇಕ್ ಹಿಡಿದುಕೊಂಡಿರ್ತದೆ. ಹತ್ತು ಕಿ.ಮೀ. ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ, ಕಾವು ನೋಡಿದರೆ ಸಾಕು. ಒಂದು ಚಕ್ರ ಮಾತ್ರ ಬೆಂಕಿಯಂತಿದ್ದರೆ ಕಳ್ಳ ಸಿಕ್ಕ ಹಾಗೆ. ಟಯರ್ ಗಾಳಿಯನ್ನೂ ನೋಡಿ.

*ಕ್ಲಚ್.* ಎಕ್ಸಲರೇಟರ್ ಒತ್ತಿದಾಗ ಆರ್‌ಪಿಎಂ ಏರ್ತದೆ, ಸ್ಪೀಡ್ ಏರೋದಿಲ್ಲ ಅಂದ್ರೆ ಎಂಜಿನ್ ತನ್ನ ಕೆಲಸ ಮಾಡ್ತಾ ಇದೆ, ಕ್ಲಚ್ ಪ್ಲೇಟ್ ಜಾರ್ತಾ ಇದೆ. ಆರ್‌ಪಿಎಂ ಕೂಡ ಏರದೆ ಎಂಜಿನ್ ಹುಂ ಅಂತ ಒದ್ದಾಡಿದರೆ ಮಾತ್ರ ಮುಂದಕ್ಕೆ ಹೋಗೋಣ.

ಡೀಸೆಲ್ ಎಂಜಿನ್‌ಗೆ ಬೇಕಾದದ್ದು ನಾಲ್ಕೇ

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್‌ನಲ್ಲಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ 500 ಡಿಗ್ರಿ ದಾಟುವಷ್ಟು ಕಾಯಿಸಿ, ಅದರೊಳಗೆ ಡೀಸೆಲ್ ಚಿಮ್ಮಿಸ್ತಾರೆ, ಅದು ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬೇಕಾದದ್ದು: ಸಾಕಷ್ಟು ಗಾಳಿ, ಸಾಕಷ್ಟು ಇಂಧನ, ಹೊಗೆ ಹೊರಹೋಗಲು ದಾರಿ, ಸರಿಯಾದ ಕಂಪ್ರೆಷನ್. ಹೊಸ ಗಾಡಿಯಲ್ಲಿ ಐದನೆಯದು ಇದೆ: ಇಸಿಯು ಅನ್ನೋ ಕಂಪ್ಯೂಟರ್‌ನ ಪರ್ಮಿಷನ್.

ಗಾಳಿ

2.6 ಲೀಟರ್ ಎಂಜಿನ್ 2,950 ಆರ್‌ಪಿಎಂನಲ್ಲಿ, ಟರ್ಬೊ ಲೆಕ್ಕ ಬಿಟ್ಟರೂ, ನಿಮಿಷಕ್ಕೆ ಸುಮಾರು 3,800 ಲೀಟರ್ ಗಾಳಿ ನುಂಗ್ತದೆ. ಟರ್ಬೊ ಅದನ್ನು ಇನ್ನೂ ಒತ್ತಿ ತುಂಬ್ತದೆ. ಈ ಗಾಳಿ ಎಲ್ಲಿಂದ ಬರ್ತದೆ? ಎರೆ ಮಣ್ಣಿನ ಧೂಳು, ಕಬ್ಬಿನ ಗಾಡಿ ಎಬ್ಬಿಸುವ ಧೂಳು ತುಂಬಿದ ನಮ್ಮ ರಸ್ತೆಯಿಂದ. ಮ್ಯಾನುಯಲ್‌ನಲ್ಲಿ ಏರ್ ಫಿಲ್ಟರ್‌ಗೆ ಬರೆದ ಕಿಲೋಮೀಟರ್ ಇಲ್ಲಿ ನಡೆಯೋದಿಲ್ಲ, ಧೂಳಿನ ರಸ್ತೆಗೆ ಬೇಗ ಬದಲಿಸಬೇಕು. ಕಂಪ್ರೆಸರ್ ಹಚ್ಚಿ ಜೋರಾಗಿ ಊದಿದರೆ ಪೇಪರ್ ಹರಿದು ಧೂಳು ಸೀದಾ ಟರ್ಬೊಗೆ ಹೋಗಬಹುದು.

ಫಿಲ್ಟರ್ ಸರಿ ಇದ್ದರೆ ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಎಂಜಿನ್ ತನಕದ ರಬ್ಬರ್ ಹೋಸ್ ನೋಡಿ. ಇವು ಬಿಸಿಗೆ ಬಿರುಕು ಬಿಡ್ತವೆ. ಗಾಡಿ ಆಫ್ ಇದ್ದಾಗ ಬಿರುಕು ಮುಚ್ಚಿಕೊಂಡಿರ್ತದೆ, ಬೂಸ್ಟ್ ಬಂದಾಗ ಮಾತ್ರ ಬಾಯಿ ತೆರೀತದೆ. ಗುರುತು: ಬಿರುಕಿನ ಸುತ್ತ ಎಣ್ಣೆ ಮೆತ್ತಿದ ಧೂಳು, ಜೋರು ಒತ್ತಿದಾಗ "ಸ್‌ಸ್‌ಸ್" ಸದ್ದು.

ಇಂಧನ

ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೆ ಐಡ್ಲಿಂಗ್‌ನಲ್ಲಿ ಎಲ್ಲ ಚಂದ, ಲೋಡ್ ಬಿದ್ದಾಗ ಉಸಿರು ಕಟ್ತದೆ. ಸಣ್ಣ ಪೈಪಿನಲ್ಲಿ ಒಂದು ಕೊಡ ತುಂಬಬಹುದು, ಹೊಲಕ್ಕೆ ನೀರು ಹಾಯಿಸೋಕೆ ಆಗೋದಿಲ್ಲ, ಹಾಗೆ. ತೋಟದಲ್ಲಿ ಕ್ಯಾನಿನಿಂದ ಸುರಿದ ಡೀಸೆಲ್‌ನಲ್ಲಿ ನೀರು, ಧೂಳು ಎರಡೂ ಬರಬಹುದು. ಕ್ಯಾಂಪರ್ ವರ್ಷದಲ್ಲಿ ಎಂಟು ತಿಂಗಳು ನಿಂತೇ ಇರ್ತದೆ. ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ರಾತ್ರಿ ತಂಪಿಗೆ ಹನಿ ಕಟ್ಟಿ ನೀರು ಕೆಳಗೆ ಕೂಡ್ತದೆ. ಫಿಲ್ಟರ್ ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿದು ನೋಡಿ: ನೀರು ಕೆಳಗೆ, ಡೀಸೆಲ್ ಮೇಲೆ.

ಇನ್ನೊಂದು, ಗ್ಯಾರೇಜಿನವರು "ಏರ್ ಹಿಡದೈತಿ" ಅನ್ನೋದು. ಟ್ಯಾಂಕಿನಿಂದ ಪಂಪ್‌ಗೆ ಹೋಗುವ ಪೈಪಿನ ಜಾಯಿಂಟ್ ಸಡಿಲ ಇದ್ದರೆ ಡೀಸೆಲ್ ಹೊರಗೆ ಸೋರೋದಿಲ್ಲ, ಗಾಳಿ ಒಳಗೆ ಸೇರ್ತದೆ. ನಡುವೆ ಒಂದು ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆ ಕಣ್ಣಿಗೆ ಕಾಣ್ತವೆ.

ಇಲ್ಲೊಂದು ಎಚ್ಚರಿಕೆ. ಹಳೇ ಎಂಜಿನ್‌ಗಳಲ್ಲಿ ಎಂಜಿನ್ ಓಡುವಾಗಲೇ ನೋಝಲ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ನೋಡೋ ರೂಢಿ ಇದೆ. ಕಾಮನ್ ರೈಲ್ ಗಾಡಿಯಲ್ಲಿ ಇದನ್ನು ಯಾವತ್ತೂ ಮಾಡಬಾರದು. ಅಲ್ಲಿ ಒತ್ತಡ 1,000 ಬಾರ್‌ಗಿಂತ ಮೇಲೆ ಹೋಗ್ತದೆ. ಸೂಜಿಯಂಥ ಆ ಚಿಮ್ಮು ಚರ್ಮ ತೂರಿ ಒಳಗೆ ಹೋಗ್ತದೆ. ಗಾಯ ಸಣ್ಣದು ಕಾಣ್ತದೆ, ಬೆರಳೇ ಕಳಕೊಳ್ಳುವ ಪ್ರಸಂಗ ಬರಬಹುದು. ಹಾಗೇನಾದರೂ ಆದರೆ ನೋವು ಇಲ್ಲದಿದ್ದರೂ ತಕ್ಷಣ ದವಾಖಾನೆಗೆ ಹೋಗಬೇಕು.

ಹೊಗೆ ಹೋಗುವ ದಾರಿ

2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಬಿಎಸ್6 ನಿಯಮ ಬಂತು. ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನೋ ಫಿಲ್ಟರ್ ಬಂತು. ಹಿಡಿದ ಮಸಿಯನ್ನು ಆಗಾಗ 550-600 ಡಿಗ್ರಿಯಲ್ಲಿ ಸುಡಬೇಕು, ಇದಕ್ಕೆ ರಿಜನರೇಷನ್ ಅಂತಾರೆ. ಅಷ್ಟು ಕಾವು ಬರಲು ಗಾಡಿ ಹೈವೇಯಲ್ಲಿ ಸ್ವಲ್ಪ ಹೊತ್ತು ಓಡಬೇಕು. ಕ್ಯಾಂಪರ್‌ನವರು ಏನು ಮಾಡ್ತಾರೆ? ರಾತ್ರಿ ಎಸಿಗಾಗಿ ತಾಸುಗಟ್ಟಲೆ ಐಡ್ಲಿಂಗ್‌ನಲ್ಲಿ ಇಡ್ತಾರೆ. ಮಸಿ ತುಂಬ್ತದೆ, ಸುಡೋದಿಲ್ಲ. ಕೊನೆಗೆ ಎಂಜಿನ್ ಮೂಗು ಮುಚ್ಚಿಕೊಂಡು ಓಡಿದ ಹಾಗೆ ಆಗ್ತದೆ.

ಡಿಪಿಎಫ್ ಲೈಟ್ ಬಂತು, ಮ್ಯಾನುಯಲ್ ಪ್ರಕಾರ ನಿಲ್ಲಿಸಿ ರಿಜನರೇಷನ್ ಮಾಡ್ತೀರಿ ಅಂದ್ರೆ ಜಾಗ ನೋಡಿ ಮಾಡಿ. ಒಣ ಕಣಿಕಿ ಬಣವೆ, ಕಬ್ಬಿನ ರವದಿ, ಒಣದ್ರಾಕ್ಷಿ ಶೆಡ್ ಪಕ್ಕ ಬೇಡವೇ ಬೇಡ. ಆ ಕಾವಿಗೆ ಕೆಳಗಿನ ಒಣಹುಲ್ಲು ಹೊತ್ತಿಕೊಳ್ಳಬಹುದು.

ಇನ್ನೊಂದು ಬದಲಾವಣೆ. ಹೊಗೆಯ ಬಣ್ಣ ನೋಡಿ ರೋಗ ಹೇಳೋದು ಹಳೇ ಮೇಸ್ತ್ರಿಗಳ ವಿದ್ಯೆ: ಕಪ್ಪು ಅಂದ್ರೆ ಗಾಳಿ ಕಡಿಮೆ ಅಥವಾ ಡೀಸೆಲ್ ಜಾಸ್ತಿ, ನೀಲಿ ಅಂದ್ರೆ ಎಂಜಿನ್ ಆಯಿಲ್ ಸುಡ್ತಾ ಇದೆ, ಬಿಳಿ ಅಂದ್ರೆ ಸುಡದ ಡೀಸೆಲ್ ಅಥವಾ ಕೂಲಂಟ್. ವಿದ್ಯೆ ಇಂದಿಗೂ ಸರಿ. ಆದರೆ ಡಿಪಿಎಫ್ ಇರುವ ಗಾಡಿಯಲ್ಲಿ ಕಪ್ಪು ಹೊಗೆ ಹೊರಗೆ ಬರೋದೇ ಇಲ್ಲ. "ಹೊಗಿ ಇಲ್ಲ, ಅಂದ್ರ ಎಂಜಿನ್ ಚಲೋ ಐತಿ" ಅನ್ನೋದು ಇಲ್ಲಿ ನಡೆಯಲ್ಲ.

ಕಂಪ್ಯೂಟರ್ ಕೈ ಹಿಡಿದಾಗ

ಹೊಸ ಗಾಡಿಯಲ್ಲಿ ಎಷ್ಟೋ ಸಲ ಎಂಜಿನ್ ಸೋತಿರೋದಿಲ್ಲ, ಇಸಿಯು ಬೇಕಂತಲೇ ತಡೆದಿರ್ತದೆ. ಇದಕ್ಕೆ ಲಿಂಪ್ ಮೋಡ್ ಅಂತಾರೆ. ಕೂಲಂಟ್ ಬಿಸಿಯಾಯಿತು, ಸೆನ್ಸರ್ ತಪ್ಪು ಹೇಳ್ತಾ ಇದೆ, ಆಡ್‌ಬ್ಲೂ ಮುಗಿದಿದೆ, ಹೀಗೆ ಕಾರಣ ಇರ್ತದೆ.

ಆಡ್‌ಬ್ಲೂ ಅಂದ್ರೆ ಶುದ್ಧ ನೀರಿನಲ್ಲಿ 32.5 ಪರ್ಸೆಂಟ್ ಯೂರಿಯಾ. ಎಲ್ಲ ಬಿಎಸ್6 ಗಾಡಿಗಳಿಗೂ ಇದು ಬೇಕಿಲ್ಲ, ಬೇಕಾದವುಗಳಿಗೆ ಇಲ್ಲದೆ ನಡೆಯೋದಿಲ್ಲ. ಇದಕ್ಕೆ ಆಯುಷ್ಯ ಇದೆ: 30 ಡಿಗ್ರಿಯೊಳಗೆ ಇಟ್ಟರೆ ಸುಮಾರು 12 ತಿಂಗಳು, 35 ಡಿಗ್ರಿಯೊಳಗೆ 6 ತಿಂಗಳು. ನಮ್ಮ ಬೇಸಿಗೆ 40 ದಾಟ್ತದೆ. ಬಿಸಿಲಲ್ಲಿ ನಿಂತ ಕ್ಯಾಂಪರ್‌ನ ಹೋದ ವರ್ಷದ ಆಡ್‌ಬ್ಲೂ ಈ ವರ್ಷ ಕೆಲಸಕ್ಕೆ ಬಾರದಿರಬಹುದು. ಹೊಲದ ಯೂರಿಯಾ ಕಲಸಿ ಹಾಕೋ ಐಡಿಯಾ ಬೇಡ, ಅದರ ಕಲ್ಮಶ ಕ್ಯಾಟಲಿಸ್ಟ್ ಕೆಡಿಸ್ತದೆ.

ಎರಡು ನಂಬರ್ ಸಾಕು

ಈಗ ಮುಖ್ಯ ಭಾಗ. ಓಬಿಡಿ ಸ್ಕ್ಯಾನರ್ ಹಚ್ಚಿದರೆ ಕೋಡ್ ಬರ್ತದೆ. (ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಲ್ಲ ಕಮರ್ಷಿಯಲ್ ಗಾಡಿಗೂ ಹೊಂದೋದಿಲ್ಲ. ಆಗ ಗ್ಯಾರೇಜಿನದ್ದೇ ಬೇಕು.) ಪಿ0299 ಅಂದ್ರೆ ಟರ್ಬೊ ಒತ್ತಡ ಕಡಿಮೆ. ಪಿ0087 ಅಂದ್ರೆ ರೈಲ್ ಒತ್ತಡ ಕಡಿಮೆ. ಪಿ2463 ಅಂದ್ರೆ ಡಿಪಿಎಫ್‌ನಲ್ಲಿ ಮಸಿ ಜಾಸ್ತಿ.

ಬಹಳ ಜನ ತಪ್ಪು ತಿಳಿಯೋದು ಇಲ್ಲೇ. ಪಿ0299 ಬಂತು ಅಂದ ಕೂಡಲೇ "ಟರ್ಬೊ ಹೋಗೇದ" ಅಂತ ತೀರ್ಪು. ಕೋಡ್ ಹೇಳಿದ್ದು ಒತ್ತಡ ಕಡಿಮೆ ಅಂತ, ಟರ್ಬೊ ಕೆಟ್ಟಿದೆ ಅಂತ ಅಲ್ಲ. ಮೈ ಬಿಸಿ ಇದೆ ಅಂತ ಥರ್ಮಾಮೀಟರ್ ಹೇಳ್ತದೆ, ಯಾವ ಜ್ವರ ಅಂತ ಹೇಳೋದಿಲ್ಲ.

ಆದ್ದರಿಂದ ಲೈವ್ ಡೇಟಾದಲ್ಲಿ ಎರಡು ನಂಬರ್ ನೋಡಬೇಕು: ಬೂಸ್ಟ್ ಒತ್ತಡ ಮತ್ತು ರೈಲ್ ಒತ್ತಡ. ಎರಡಕ್ಕೂ ಇಸಿಯು ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು. ಖಾಲಿ ರಸ್ತೆಯಲ್ಲಿ ಎತ್ತರದ ಗೇರ್‌ನಲ್ಲಿ ಪೂರ್ತಿ ಒತ್ತಿ ನೋಡಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ರೆಕಾರ್ಡ್ ಮಾಡಬೇಕು. ಒಬ್ಬರೇ ಎರಡೂ ಮಾಡಬಾರದು.

ಸೆನ್ಸರ್ ನಂಬಬಹುದಾ ಅಂತ ಮೊದಲೇ ಪರೀಕ್ಷೆ ಮಾಡಿ: ಎಂಜಿನ್ ಆಫ್, ಕೀ ಮಾತ್ರ ಆನ್. ಆಗ ಬೂಸ್ಟ್ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ವಿಜಯಪುರ ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸಿನ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 94 ಕಿಲೋಪಾಸ್ಕಲ್ ಹತ್ತಿರ ಬರಬೇಕು, ಪುಸ್ತಕದ 101 ಅಲ್ಲ. 70 ಅಥವಾ 120 ತೋರಿಸಿದರೆ ಸೆನ್ಸರ್ ಮೇಲೆಯೇ ಅನುಮಾನ.

ಆಮೇಲೆ ಹೀಗೆ ಓದಬೇಕು:

1. ರೈಲ್ ಒತ್ತಡ ಕೇಳಿದ್ದಕ್ಕಿಂತ ಕಡಿಮೆ: ಇಂಧನ ಬದಿ. ಫಿಲ್ಟರ್, ನೀರು, ಏರ್, ಪಂಪ್, ನೋಝಲ್, ಇದೇ ಕ್ರಮದಲ್ಲಿ.
2. ರೈಲ್ ಸರಿ, ಬೂಸ್ಟ್ ಕೇಳಿದ್ದಕ್ಕಿಂತ ಕಡಿಮೆ: ಗಾಳಿ ಅಥವಾ ಹೊಗೆ ಬದಿ. ಏರ್ ಫಿಲ್ಟರ್, ಹೋಸ್, ಇಂಟರ್‌ಕೂಲರ್, ಇಜಿಆರ್, ಡಿಪಿಎಫ್, ಕೊನೆಗೆ ಟರ್ಬೊ.
3. ಎರಡೂ ಕೇಳಿದಷ್ಟು ಸಿಕ್ಕಿದೆ, ಆದರೆ ಕೇಳಿದ್ದೇ ಕಡಿಮೆ: ಇಸಿಯು ತಡೆದಿದೆ. ಪೆಡಲ್ ಸೆನ್ಸರ್, ಬಿಸಿ, ಆಡ್‌ಬ್ಲೂ ನೋಡಿ.
4. ಎರಡೂ ಪೂರ್ತಿ ಸರಿ, ಆದರೂ ಜಗ್ಗೋದಿಲ್ಲ: ಕ್ಲಚ್, ಬ್ರೇಕ್, ತೂಕ ಮತ್ತೊಮ್ಮೆ ನೋಡಿ, ಆಮೇಲೆ ಕಂಪ್ರೆಷನ್ ಟೆಸ್ಟ್.

ರೈಲ್ ಒತ್ತಡವನ್ನು ಮೊದಲು ನೋಡೋದಕ್ಕೆ ಕಾರಣ ಇದೆ. ಟರ್ಬೊ ತಿರುಗೋದು ಹೊಗೆಯ ಶಕ್ತಿಯಿಂದ. ಡೀಸೆಲ್ ಕಡಿಮೆ ಸುಟ್ಟರೆ ಹೊಗೆಯ ಶಕ್ತಿ ಕಡಿಮೆ, ಬೂಸ್ಟ್ ಕೂಡ ಕಡಿಮೆ. ಫಿಲ್ಟರ್ ಕಟ್ಟಿಕೊಂಡರೂ ತಪ್ಪಿತಸ್ಥನ ಹಾಗೆ ಕಾಣೋದು ಟರ್ಬೊ!

ಕಾಕಾನ ಗಾಡಿಯ ಕತೆ

ಕಾಕಾನ ಗಾಡಿಗೆ ಬಂದದ್ದು ಪಿ0299. ಒಂದು ಗ್ಯಾರೇಜಿನಲ್ಲಿ ಹೊಸ ಟರ್ಬೊ ಹಾಕ್ಬೇಕು ಅಂದಿದ್ದರು, ಹತ್ತಾರು ಸಾವಿರದ ಮಾತು. ಆ ವರ್ಷ ದ್ರಾಕ್ಷಿಯಲ್ಲಿ ಕೈ ಸುಟ್ಟುಕೊಂಡಿದ್ದ ಕಾಕಾ, "ಗಾಡಿನ ಮಾರಿಬಿಡ್ತೀನಿ" ಅನ್ನೋ ಮಟ್ಟಕ್ಕೆ ಬಂದಿದ್ದರು.

ಇನ್ನೊಬ್ಬ ಮೇಸ್ತ್ರಿ ಜೊತೆ ಕೂತು ಮೇಲಿನ ಕ್ರಮದಲ್ಲೇ ನೋಡಿದೆವು. ಕೀ ಆನ್ ಮಾಡಿದಾಗ 94, ಸೆನ್ಸರ್ ಸರಿ. ರೈಲ್ ಒತ್ತಡ ಕೇಳಿದಷ್ಟು ಬರ್ತಿತ್ತು. ಬೂಸ್ಟ್ ಮಾತ್ರ 120 ದಾಟ್ತಾ ಇರಲಿಲ್ಲ. ಏರ್ ಫಿಲ್ಟರ್ ಹೊಸದು. ಮೇಸ್ತ್ರಿ ಟರ್ಬೊದ ಇನ್‌ಲೆಟ್ ಪೈಪ್ ಬಿಚ್ಚಿ, ಬಾಯಿಗೆ ಮುಚ್ಚಳ ಕಟ್ಟಿ, ರೆಗ್ಯುಲೇಟರ್ ಇಟ್ಟು ಅರ್ಧ ಬಾರ್‌ನಷ್ಟು ಮಾತ್ರ ಗಾಳಿ ಬಿಟ್ಟರು. ನಾವು ಸೋಪಿನ ನೀರು ಸವರಿದೆವು. ಇಂಟರ್‌ಕೂಲರ್ ಕಡೆಯ ಹೋಸ್‌ನ ಕೆಳಬದಿ, ಕಣ್ಣಿಗೆ ಕಾಣದ ಜಾಗದಲ್ಲಿ, ಬೆರಳುದ್ದದ ಬಿರುಕಿನಿಂದ ನೊರೆ ಉಕ್ಕಿತು. ಹೋಸ್ ಮತ್ತು ಎರಡು ಕ್ಲಾಂಪ್ ಬದಲಿಸಿದ ಮೇಲೆ ಬೂಸ್ಟ್ ಕೇಳಿದಷ್ಟಕ್ಕೆ ಬಂತು.

"ಇಷ್ಟ ಏನು?" ಅಂದರು ಕಾಕಾ. ಮೇಸ್ತ್ರಿ ಕೈ ಒರೆಸಿಕೊಳ್ತಾ, "ಹುಡುಕೂದ ದೊಡ್ಡ ಕೆಲಸ ರೀ, ಹಾಕೂದಲ್ಲ" ಅಂದರು.

ಪಾರ್ಟ್ ಬದಲಿಸೋದು ಊಹೆ, ಅಳತೆ ಮಾಡೋದು ಎಂಜಿನಿಯರಿಂಗ್. ಅಗ್ಗದ ಪರೀಕ್ಷೆ ಮೊದಲು, ದುಬಾರಿ ಪಾರ್ಟ್ ಕೊನೆಗೆ. ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಅಥವಾ ಓಣಿಯ ಡೀಸೆಲ್ ಗಾಡಿ ಆರೋಗ್ಯವಾಗಿ ಇರುವಾಗಲೇ ಈ ಎರಡು ನಂಬರ್ ಒಂದು ಡೈರಿಯಲ್ಲಿ ಬರೆದಿಡಿ, ದಿನಾಂಕ ಸಮೇತ. ಮುಂದೆ "ಜಗ್ಗವಲ್ದು" ಅನ್ನೋ ದಿನ ಬಂದಾಗ ಹೋಲಿಸೋಕೆ ಏನಾದರೂ ಕೈಯಲ್ಲಿರ್ತದೆ. ಅಲ್ಲಿಯ ತನಕ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಾಗ ಸುಮ್ಮನೆ ಹಿಂದೆಯೇ ಬರೋದು ಒಳ್ಳೇದು. ಟಿಕೋಟಾ ಎಲ್ಲೂ ಓಡಿ ಹೋಗೋದಿಲ್ಲ.